ಹಾಸನದ ಫೋಟೊ ಚೌಕಟ್ಟಿನ ಅಂಗಡಿಯಲ್ಲಿ ಎರಡು ಭಾವಚಿತ್ರಗಳು

ನಮ್ಮ ಬಡಾವಣೆಯ ಅಂಗನವಾಡಿ ಕಾರ್ಯಕರ್ತೆಗೆ ಅರವತ್ತು ತುಂಬಿ, ಅವರು ಸೇವೆಯಿಂದ ಬಿಡುಗಡೆಯಾಗುವ ದಿನಕ್ಕೆಂದು ಹಾಸನ ಪೇಟೆಯೊಳಗಿನ ಒಂದು ಫೋಟೊ ಮತ್ತು ಫ್ರೇಮ್ ಅಂಗಡಿಗೆ ಮೂರು ಕೆಲಸಗಳನ್ನು ಒಪ್ಪಿಸಿದ್ದೆವು. ಒಂದು, ಅವರದೇ ಭಾವಚಿತ್ರ. ಎರಡು, ಚೌಕಟ್ಟು ಹಾಕಿದ ಬಿನ್ನವತ್ತಳೆ. ಮೂರನೆಯದು, ಅಂಗನವಾಡಿಯ ಗೋಡೆಗೆ ತೂಗುಹಾಕಲು ಡಾ. ಫ್ಲೆಮ್ಮಿ ಕಿಟ್ರೆಲ್ ಎಂಬ ಅಮೆರಿಕದ ಕಪ್ಪು ಜನಾಂಗದ ಪ್ರಾಧ್ಯಾಪಕಿಯ ಭಾವಚಿತ್ರ. ಮೂರೂ ಕೆಲಸಗಳು ಕೊನೆಗೆ ಚೆನ್ನಾಗಿಯೇ ಆದವು. ಆದರೆ ಚೆನ್ನಾಗುವ ಮೊದಲು ಒಂದು ದೊಡ್ಡ ಎಡವಟ್ಟಾಯಿತು. ಸನ್ಮಾನಕ್ಕೆಂದು ಫೋಟೊ ಮಾಡಿಸುವ ಯಾರಿಗಾದರೂ ಅದು ಎದುರಾಗಬಹುದಾದ್ದರಿಂದ ವಿವರವಾಗಿ ಬರೆಯುತ್ತಿದ್ದೇನೆ. ಅಂಗಡಿಯ ಹೆಸರನ್ನು ಬೇಕೆಂದೇ ಬಿಟ್ಟಿದ್ದೇನೆ; ಆ ತಪ್ಪು ಅವರೊಬ್ಬರದೇ ಅಲ್ಲ ಎಂಬುದು ಮುಂದೆ ಓದಿದರೆ ತಿಳಿಯುತ್ತದೆ.

ಮೊದಲಿಗೆ, ಹಾಸನದ ಅಂಗನವಾಡಿಗೂ ಅಮೆರಿಕದ ಪ್ರಾಧ್ಯಾಪಕಿಗೂ ಏನು ಸಂಬಂಧ ಎಂಬ ಪ್ರಶ್ನೆ. ಅಂಗಡಿಯಲ್ಲಿ ಕಂಪ್ಯೂಟರ್ ಮುಂದೆ ಕುಳಿತಿದ್ದ ಹುಡುಗನೂ ಇದನ್ನೇ ಕೇಳಿದ. ಪರದೆಯ ಮೇಲೆ ಚಿತ್ರ ತೆರೆದುಕೊಂಡ ಕೂಡಲೇ "ಯಾರು ಮೇಡಂ ಇವರು, ಹಾಡುಗಾರ್ತಿಯಾ?" ಎಂದ. ಅಮೆರಿಕದ ಕಪ್ಪು ಹೆಂಗಸು ಎಂದರೆ ಹಾಡುಗಾರ್ತಿ ಇಲ್ಲವೇ ಓಟಗಾರ್ತಿ ಇರಬೇಕು ಎಂಬುದು ಅವನೊಬ್ಬನ ಊಹೆಯಲ್ಲ, ನಮ್ಮಲ್ಲಿ ಬಹುಪಾಲು ಜನರ ಊಹೆ. ನಾನು ಗೃಹವಿಜ್ಞಾನ ಓದಿ ಅದನ್ನೇ ಪಾಠ ಮಾಡಿದವಳು. ಹೆಣ್ಣುಮಕ್ಕಳಿಗೆಂದೇ ಸರ್ಕಾರಿ ಗೃಹವಿಜ್ಞಾನ ಕಾಲೇಜು ಇರುವ ಊರಿನಲ್ಲಿ ಈ ಪ್ರಶ್ನೆ ಬಂತಲ್ಲ ಎಂದು ಸ್ವಲ್ಪ ಬೇಸರವಾದದ್ದು ನಿಜ. ಆದರೆ ನಾವು ಪಾಠ ಮಾಡಿದವರು ಕಾಲೇಜಿನ ಕಾಂಪೌಂಡಿನ ಹೊರಗೆ ಎಷ್ಟು ಹೇಳಿದ್ದೇವೆ ಎಂದು ಕೇಳಿಕೊಂಡರೆ ಆ ಬೇಸರವನ್ನು ನುಂಗಿಕೊಳ್ಳಬೇಕಾಗುತ್ತದೆ.

ಕಿಟ್ರೆಲ್ 1904ರಲ್ಲಿ ಉತ್ತರ ಕರೋಲಿನಾದ ಹೆಂಡರ್ಸನ್ ಎಂಬಲ್ಲಿ ಹುಟ್ಟಿದವರು. ಕಪ್ಪು ವಿದ್ಯಾರ್ಥಿಗಳಿಗೆಂದೇ ಇದ್ದ ಹ್ಯಾಂಪ್ಟನ್ ಸಂಸ್ಥೆಯಿಂದ 1928ರಲ್ಲಿ ಪದವಿ ಪಡೆದು, ಕಾರ್ನೆಲ್ ವಿಶ್ವವಿದ್ಯಾಲಯ ಸೇರಿ, 1936ರಲ್ಲಿ ಪೌಷ್ಟಿಕಾಂಶ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದರು. ಆ ವಿಷಯದಲ್ಲಿ ಡಾಕ್ಟರೇಟ್ ಪಡೆದ ಮೊದಲ ಆಫ್ರಿಕನ್-ಅಮೆರಿಕನ್ ಮಹಿಳೆ ಅವರೇ. ಅವರ ಸಂಶೋಧನೆಯ ವಸ್ತು ತಮ್ಮ ರಾಜ್ಯದ ಕಪ್ಪು ಕುಟುಂಬಗಳು ಎಳೆಯ ಮಕ್ಕಳಿಗೆ ಏನನ್ನು, ಹೇಗೆ ಉಣಿಸುತ್ತವೆ ಎಂಬುದು. 1944ರಿಂದ 1972ರಲ್ಲಿ ನಿವೃತ್ತರಾಗುವ ತನಕ ವಾಷಿಂಗ್ಟನ್‌ನ ಹೋವರ್ಡ್ ವಿಶ್ವವಿದ್ಯಾಲಯದಲ್ಲಿ ಗೃಹವಿಜ್ಞಾನ ವಿಭಾಗವನ್ನು ಕಟ್ಟಿ ಬೆಳೆಸಿದರು. 1947ರಲ್ಲಿ ಲೈಬೀರಿಯಕ್ಕೆ ಹೋಗಿ ಅಲ್ಲಿನ ಜನರ ಊಟವನ್ನು ಅಧ್ಯಯನ ಮಾಡಿ, ಅನ್ನವೂ ಮರಗೆಣಸೂ ಹೊಟ್ಟೆ ತುಂಬಿಸಿದರೂ ದೇಹಕ್ಕೆ ಬೇಕಾದ ಪ್ರೋಟೀನು, ಜೀವಸತ್ವಗಳು ಸಿಗದಿರುವ ಸ್ಥಿತಿಯನ್ನು 'ಅಡಗಿರುವ ಹಸಿವು' ಎಂದು ಗುರುತಿಸಿದರು. ನಮ್ಮ ಅಂಗನವಾಡಿ ಟೀಚರ್ ಇದನ್ನೇ ತಾಯಂದಿರ ಸಭೆಯಲ್ಲಿ "ಮಗೂಗೆ ಹೊಟ್ಟೆ ತುಂಬಿದೆ, ಮೈ ತುಂಬಿಲ್ಲ" ಎಂದು ಹೇಳುತ್ತಿದ್ದರು. ಲೈಬೀರಿಯದ ವಿಷಯ ಅವರಿಗೆ ಆಗ ಗೊತ್ತಿರಲಿಲ್ಲ. ತೂಕದ ತಕ್ಕಡಿ ಅದನ್ನು ಅವರಿಗೆ ಕಲಿಸಿತ್ತು.

ಕಿಟ್ರೆಲ್ 1950ರಲ್ಲಿ ಅಮೆರಿಕ ಸರ್ಕಾರದ ಫುಲ್‌ಬ್ರೈಟ್ ವೇತನದ ಮೇಲೆ ಗುಜರಾತಿನ ಬರೋಡಾಕ್ಕೆ ಬಂದರು. ಹಂಸಾ ಮೆಹ್ತಾ ಕುಲಪತಿಯಾಗಿದ್ದ ಮಹಾರಾಜ ಸಯಾಜಿರಾವ್ ವಿಶ್ವವಿದ್ಯಾಲಯ ಆಗಷ್ಟೇ ಹುಟ್ಟಿತ್ತು, ಅಲ್ಲಿ ಗೃಹವಿಜ್ಞಾನ ಕಾಲೇಜಿಗೆ ರೂಪ ಕೊಡುವಲ್ಲಿ ಇವರ ಪಾಲಿದೆ. 1953ರಲ್ಲಿ ಇನ್ನೊಮ್ಮೆ ಭಾರತಕ್ಕೆ ಬಂದು ಪಾಠ ಮಾಡಿ ಹೋದರು. ಮುಂದೆ 1960ರ ದಶಕದಲ್ಲಿ ಹೋವರ್ಡ್‌ನಲ್ಲಿ ಬಡ ಕುಟುಂಬಗಳ ಪುಟ್ಟ ಮಕ್ಕಳಿಗಾಗಿ ಪ್ರಾಯೋಗಿಕ ಶಿಶುವಿಹಾರವೊಂದನ್ನು ನಡೆಸಿದರು. ಮಗುವನ್ನು ತಂದು ಬಿಟ್ಟುಹೋಗುವ ಜಾಗವಾಗದೆ, ತಂದೆತಾಯಿಯೂ ಮಗುವಿನ ಜೊತೆಗೆ ಕಲಿಯುವ ಜಾಗವಾಗಿದ್ದುದು ಅದರ ವಿಶೇಷ. 1965ರ ಬೇಸಿಗೆಯಲ್ಲಿ ಎಂಟು ವಾರಗಳ ಕಾರ್ಯಕ್ರಮವಾಗಿ ಆರಂಭವಾಗಿ ಇಂದಿಗೂ ಮುಂದುವರಿದಿರುವ, ಬಡ ಮಕ್ಕಳ ಶಾಲಾಪೂರ್ವ ಕಲಿಕೆಗಾಗಿನ ಅಮೆರಿಕದ 'ಹೆಡ್ ಸ್ಟಾರ್ಟ್' ಯೋಜನೆಗೆ ದಾರಿ ತೋರಿದ ಪ್ರಯೋಗಗಳಲ್ಲಿ ಅದನ್ನೂ ಎಣಿಸುತ್ತಾರೆ. ನಮ್ಮಲ್ಲಿ ಅಂಗನವಾಡಿಗಳು ಆರಂಭವಾದದ್ದು ಅದಾದ ಹತ್ತು ವರ್ಷಕ್ಕೆ, 1975ರ ಅಕ್ಟೋಬರ್ 2ರಂದು, ದೇಶದ 33 ಕಡೆ. ಕರ್ನಾಟಕದಲ್ಲಿ ಅದು ಮೊದಲು ಬಂದದ್ದು ಮೈಸೂರು ಜಿಲ್ಲೆಯ ಟಿ. ನರಸೀಪುರಕ್ಕೆ. ಒಂದರಿಂದ ಇನ್ನೊಂದು ಹುಟ್ಟಿತೆಂದು ನಾನು ಹೇಳುತ್ತಿಲ್ಲ. ಊಟ, ತೂಕ, ಆಟ, ತಾಯಿಯ ತಿಳಿವಳಿಕೆ ಇವೆಲ್ಲವನ್ನೂ ಒಂದೇ ಸೂರಿನ ಕೆಳಗೆ ತರಬೇಕೆಂಬ ಯೋಚನೆ ಎರಡಕ್ಕೂ ಸಮಾನ.

ಇಷ್ಟನ್ನು ನಾನು ಒಂದು ಮಧ್ಯಾಹ್ನ ಟೀಚರಿಗೆ ಹೇಳಿದ್ದೆ. ಬೀಳ್ಕೊಡುಗೆಗೆ ನಿಮ್ಮ ದೊಡ್ಡ ಫೋಟೊ ಮಾಡಿಸುತ್ತೇವೆ ಎಂದಾಗ ಅವರು, "ನನ್ನ ಫೋಟೊ ನಾನೇ ನೋಡ್ಕೊಂಡು ಕೂತ್ಕೊಳ್ಳಲಾ ಮೇಡಂ? ಆ ಬರೋಡಾಗೆ ಬಂದಿದ್ದ ಅಮ್ಮನ್ದು ಇದ್ದರೆ ಇಲ್ಲಿ ಹಾಕಿ, ನಮ್ಮ ಕೆಲಸ ಮಾಡಿದವರದು ಒಂದೂ ಗೋಡೇಲಿಲ್ಲ" ಎಂದರು. ಅಂಗನವಾಡಿಯ ಗೋಡೆಯಲ್ಲಿ ದೇಶನಾಯಕರು, ಹಣ್ಣುತರಕಾರಿಗಳು, 'ಚಿಲಿಪಿಲಿ' ಪುಸ್ತಕದ ಚಿತ್ರಗಳು, ಲಸಿಕೆಯ ಪಟ್ಟಿ ಎಲ್ಲ ಇದ್ದವು. ಅವರ ಮಾತು ಸರಿಯಾಗಿಯೇ ಇತ್ತು. ಹಾಗಾಗಿ ಎರಡೂ ಭಾವಚಿತ್ರಗಳನ್ನು ಮಾಡಿಸುವುದೆಂದು ತೀರ್ಮಾನವಾಯಿತು.

ಈಗ ಅಂಗಡಿಯ ವಿಷಯಕ್ಕೆ ಬರುತ್ತೇನೆ. ಒಳಗೆ ಹೋದರೆ ಎಡಕ್ಕೆ ಗಾಜಿನ ಕಪಾಟಿನಲ್ಲಿ ಶಾಲು, ಮೈಸೂರು ಪೇಟ, ಗಂಧದ ಹಾರ, ಸ್ಮರಣಿಕೆಗಳಿವೆ. ಬಲಕ್ಕೆ ಗೋಡೆಯ ತುಂಬ ಚೌಕಟ್ಟಿನ ಮೂಲೆತುಂಡುಗಳನ್ನು ಸಾಲಾಗಿ ಜೋಡಿಸಿದ್ದಾರೆ. ಮಾಲೀಕರು ಐವತ್ತೈದರ ಆಸುಪಾಸಿನವರು, ಮಾತು ಕಡಿಮೆ. ಮೊದಲು ನೆಗೆಟಿವ್ ತೊಳೆಯುತ್ತಿದ್ದ ಸ್ಟುಡಿಯೊ ಇದ್ದುದನ್ನು ಡಿಜಿಟಲ್ ಬಂದ ಮೇಲೆ ಹೀಗೆ ಬದಲಾಯಿಸಿಕೊಂಡಿದ್ದಾರೆ. 12×18 ಇಂಚಿನ ಎರಡು ಭಾವಚಿತ್ರ ಮತ್ತು ಅದೇ ಅಳತೆಯ ಬಿನ್ನವತ್ತಳೆಗೆ ಮುಂಗಡ ಸಾವಿರ ರೂಪಾಯಿ ಪಡೆದು, ಐದು ದಿನದಲ್ಲಿ ಕೊಡುವುದಾಗಿ ರಸೀದಿ ಬರೆದುಕೊಟ್ಟರು. ಟೀಚರ್ ಫೋಟೊವನ್ನು ಅಂಗನವಾಡಿ ಸಹಾಯಕಿಯ ಮಗಳು ಮೊಬೈಲ್‌ನಲ್ಲಿ ತೆಗೆದಿದ್ದಳು. ಕಿಟ್ರೆಲ್ ಅವರದು ಹಳೆಯ ಕಪ್ಪುಬಿಳುಪು ಚಿತ್ರ.

ಐದನೆಯ ದಿನ ಹೋದೆ. ಎರಡೂ ಚಿತ್ರಗಳು ಚೌಕಟ್ಟಿನೊಳಗೆ ಸಿದ್ಧವಾಗಿ ಗೋಡೆಗೆ ಒರಗಿದ್ದವು, ಮತ್ತು ಎರಡರಲ್ಲೂ ಇದ್ದ ಮುಖಗಳು ಒಂದೇ ಬಣ್ಣದವಾಗಿದ್ದವು. ಹೆಂಡರ್ಸನ್‌ನ ಪ್ರಾಧ್ಯಾಪಕಿಯೂ ಅರಕಲಗೂಡು ಸೀಮೆಯ ನಮ್ಮ ಟೀಚರೂ ಹಾಲಿಗೆ ಚಿಟಿಕೆ ಕುಂಕುಮ ಕದಡಿದಂಥ ಗುಲಾಬಿ ಗೋಧಿಬಣ್ಣಕ್ಕೆ ತಿರುಗಿ, ಅಕ್ಕತಂಗಿಯರಂತೆ ನನ್ನತ್ತ ನೋಡುತ್ತಿದ್ದರು. ಟೀಚರ ಹಣೆಯ ಮೇಲಿನ ಎರಡು ಗೆರೆಗಳು ಮಾಯವಾಗಿದ್ದವು. ಚಿಕ್ಕಂದಿನಲ್ಲಿ ಒಲೆಯ ಕಿಡಿ ಸಿಡಿದು ಆಗಿದ್ದ ಎಡಗೆನ್ನೆಯ ಪುಟ್ಟ ಕಲೆಯೂ ಇರಲಿಲ್ಲ, ಅದನ್ನು ಮುಟ್ಟಿ ನೋಡದ ಮಗು ನಮ್ಮ ಬಡಾವಣೆಯಲ್ಲೇ ಇಲ್ಲ. ಕಿಟ್ರೆಲ್ ಅವರ ಕಪ್ಪುಬಿಳುಪು ಚಿತ್ರಕ್ಕೆ ಯಾವುದೋ ತಂತ್ರಾಂಶ ತಾನೇ ಬಣ್ಣ ತುಂಬಿತ್ತು. ತುಂಬುವಾಗ ಅದು ಅವರ ಜನಾಂಗವನ್ನೇ ಬದಲಾಯಿಸಿಬಿಟ್ಟಿತ್ತು.

ಇದು ಅವರಲ್ಲ ಎಂದೆ. ಹುಡುಗನಿಗೆ ಅರ್ಥವಾಗಲಿಲ್ಲ. ಎರಡು ಗಂಟೆ ಕೂತು 'ಟಚಪ್' ಮಾಡಿದ್ದೇನೆ, ಅದಕ್ಕೆ ಬೇರೆ ದುಡ್ಡೂ ಹಾಕಿಲ್ಲ ಎಂದ. ಮಾಲೀಕರು ಬಂದು, "ಮೇಡಂ, ಬರೋರೆಲ್ಲ ಹೀಗೇ ಕೇಳೋದು. ಬೆಳ್ಳಗೆ ಮಾಡದೇ ಇದ್ದರೆ ಮಾರನೇ ದಿನ ವಾಪಸ್ ತರ್ತಾರೆ" ಎಂದರು. ಅವರು ಹೇಳಿದ್ದು ಸುಳ್ಳಲ್ಲ. ಮದುವೆ ಆಲ್ಬಂ ನೋಡುತ್ತ ಕುಳಿತ ಯಾವ ಮನೆಯಲ್ಲಾದರೂ ಮೊದಲು ಬರುವ ದೂರು "ಹುಡುಗಿ ಕಪ್ಪಗೆ ಬಂದಿದ್ದಾಳೆ" ಎಂಬುದು. ಬಣ್ಣ ತಿಳಿಯಾಗುತ್ತದೆಂದು ದಶಕಗಳ ಕಾಲ ಮಾರಾಟವಾದ ಮುಖದ ಕ್ರೀಮು 2020ರಲ್ಲಿ ತನ್ನ ಹೆಸರಿನಿಂದ 'ಫೇರ್' ಎಂಬ ಪದವನ್ನು ತೆಗೆದುಹಾಕಿತಾದರೂ, ಆ ಪದ ನಮ್ಮ ಸ್ಟುಡಿಯೊಗಳ ಕಂಪ್ಯೂಟರಿನಲ್ಲಿ ಇನ್ನೂ ಕುಳಿತಿದೆ. ಹೊರಗಿನ ತಯಾರಕರೂ ಈ ವಿಷಯದಲ್ಲಿ ಸಾಚಾ ಏನಲ್ಲ. ಕೊಡಾಕ್ ಕಂಪನಿ ಬಣ್ಣದ ಪ್ರಿಂಟು ಹೊಂದಿಸಲೆಂದು ಪ್ರಯೋಗಾಲಯಗಳಿಗೆ ಕಳಿಸುತ್ತಿದ್ದ 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರದಲ್ಲಿ ದಶಕಗಳ ಕಾಲ ಇದ್ದದ್ದು ಬಿಳಿಯ ಹೆಂಗಸೊಬ್ಬಳ ಮುಖ. ಆ ಮುಖ ಸರಿಯಾಗಿ ಬಂದರೆ ಎಲ್ಲವೂ ಸರಿ ಎಂದರ್ಥ. ಕಂದು ಬಣ್ಣಗಳ ಸೂಕ್ಷ್ಮ ಸರಿಯಾಗಿ ಬರುತ್ತಿಲ್ಲವೆಂದು ಚಾಕಲೇಟು ಮತ್ತು ಮರದ ಪೀಠೋಪಕರಣ ಮಾಡುವವರು ದೂರಿದ ಮೇಲೆ ಕಂಪನಿ ಫಿಲ್ಮನ್ನು ಸುಧಾರಿಸಿತು. ಮನುಷ್ಯರ ಮುಖಕ್ಕಿಂತ ಮೇಜು ಕುರ್ಚಿಗಳ ದೂರು ಬೇಗ ಕೇಳಿಸಿತು ಎನ್ನಬೇಕು.

ಮಾಲೀಕರ ಹಿಂದಿನ ಗೋಡೆಯ ಮೇಲೆ ಬೇಲೂರಿನ ದರ್ಪಣ ಸುಂದರಿಯ ದೊಡ್ಡ ಚಿತ್ರವಿತ್ತು. ಅವರೇ ತೆಗೆದದ್ದಂತೆ, ಅದರ ಮೇಲೆ ಅವರಿಗೆ ಹೆಮ್ಮೆ. "ಈ ಶಿಲಾಬಾಲಿಕೆಯ ಮುಖಕ್ಕೂ ಬ್ರೈಟ್‌ನೆಸ್ ಏರಿಸಿದ್ದೀರಾ?" ಎಂದು ಕೇಳಿದೆ. "ಛೇ, ಕಲ್ಲಿನ ಕಳೆಯೇ ಹೋಗಿಬಿಡುತ್ತಲ್ಲ ಮೇಡಂ" ಎಂದವರು, ಒಂದು ಕ್ಷಣ ಸುಮ್ಮನಿದ್ದು, ಹುಡುಗನನ್ನು ಕುರ್ಚಿಯಿಂದ ಎಬ್ಬಿಸಿ ತಾವೇ ಕುಳಿತರು. ಈ ಅಂಗಡಿಯ ಬಗ್ಗೆ ನಾನು ಒಳ್ಳೆಯ ಮಾತು ಬರೆಯಲು ಮುಖ್ಯ ಕಾರಣ ಅಲ್ಲಿಂದ ಮುಂದೆ ನಡೆದದ್ದು.

ಕಿಟ್ರೆಲ್ ಚಿತ್ರದ ಬಗ್ಗೆ ಅವರು ಚರ್ಚೆಯನ್ನೇ ಮಾಡಲಿಲ್ಲ. ಕಪ್ಪುಬಿಳುಪಾಗಿ ಸಿಕ್ಕಿದ್ದು ಕಪ್ಪುಬಿಳುಪಾಗಿಯೇ ಇರಲಿ, ನಾವು ನೋಡದವರ ಮೈಬಣ್ಣವನ್ನು ನಾವು ಊಹಿಸಬಾರದು ಎಂದರು. ಮೂಲ ಚಿತ್ರವನ್ನು ಮತ್ತೆ ತೆರೆದು, ಧೂಳಿನ ಚುಕ್ಕೆಗಳನ್ನೂ ಮಡಿಕೆಯ ಗೀರನ್ನೂ ಮಾತ್ರ ತೆಗೆದು, ಕೆನ್ನೆಯ ನೆರಳನ್ನೂ ಕೂದಲನ್ನೂ ಬೇರೆ ಬೇರೆಯಾಗಿ ಹಿಡಿದು, ಕತ್ತಲೆಯ ಭಾಗದಲ್ಲಿ ಹುದುಗಿದ್ದ ವಿವರ ಕಾಣುವಂತೆ ಮಾಡಿದರು. ಮುಖವನ್ನು ಬೆಳ್ಳಗಾಗಿಸುವುದಕ್ಕೂ ಕಪ್ಪು ಮುಖದೊಳಗಿನ ಬೆಳಕನ್ನು ಕಾಣಿಸುವುದಕ್ಕೂ ಎಷ್ಟು ವ್ಯತ್ಯಾಸವಿದೆ ಎಂಬುದನ್ನು ಆ ಅರ್ಧ ಗಂಟೆಯಲ್ಲಿ ನಾನು ಕಣ್ಣಾರೆ ಕಂಡೆ. ಮೊದಲ ಪ್ರಿಂಟಿನಲ್ಲಿ ಸಪಾಟಾಗಿ ಹೋಗಿದ್ದ ಕೆನ್ನೆಯ ಮೂಳೆ ಈಗ ಎದ್ದು ಬಂದಿತ್ತು. ಕಣ್ಣಿನ ಕೆಳಗೆ ವಯಸ್ಸೂ ಓದಿದ ಆಯಾಸವೂ ಕಾಣುತ್ತಿದ್ದವು. ಹೊಳೆಯುವ ಕಾಗದ ಬೇಡ, ಕಪ್ಪು ಛಾಯೆಗೆ ಮ್ಯಾಟ್ ಕಾಗದವೇ ಸರಿ, ಇಲ್ಲವಾದರೆ ಕಿಟಕಿಯ ಬೆಳಕು ಅದರಲ್ಲಿ ಕನ್ನಡಿ ಹಿಡಿದಂತಾಗುತ್ತದೆ ಎಂದು ಅವರೇ ಸೂಚಿಸಿದರು.

ಟೀಚರ ಚಿತ್ರ ಕಷ್ಟದ್ದಾಯಿತು. ಮೊಬೈಲ್ ತಾನೇ 'ಬ್ಯೂಟಿ' ಆಯ್ಕೆಯಲ್ಲಿ ಮುಖವನ್ನು ನುಣುಪು ಮಾಡಿಬಿಟ್ಟಿದ್ದರಿಂದ ಮೂಲದಲ್ಲಿಯೇ ಕಲೆ ಇರಲಿಲ್ಲ. ಹುಡುಗ ಅದರ ಮೇಲೆ ಇನ್ನೊಂದು ಪದರ ಹಚ್ಚಿದ್ದನಷ್ಟೆ. ಬೆಳಗ್ಗೆ ಹತ್ತರ ಹೊತ್ತಿಗೆ, ನೇರ ಬಿಸಿಲಿಲ್ಲದ ಜಗಲಿಯಲ್ಲಿ, ಆ ಆಯ್ಕೆಯನ್ನು ತೆಗೆದು ಮತ್ತೆ ಫೋಟೊ ತನ್ನಿ ಎಂದು ಕಳಿಸಿದರು. ತಂದದ್ದರಿಂದ ನಾಲ್ಕು ಛಾಯೆಗಳಲ್ಲಿ 4×6 ಅಳತೆಯ ಪರೀಕ್ಷಾ ಪ್ರಿಂಟು ತೆಗೆದು, ಹಿಂಬದಿಗೆ ಒಂದರಿಂದ ನಾಲ್ಕು ಅಂಕಿ ಬರೆದುಕೊಟ್ಟರು. ಅವನ್ನು ಅಂಗನವಾಡಿಗೆ ಒಯ್ದು, ಟೀಚರ್ ಒಳಗೆ ಮಕ್ಕಳಿಗೆ ಹಾಲು ಹಾಕುತ್ತಿದ್ದಾಗ ಸಹಾಯಕಿಯ ಮುಂದೆ ಹರಡಿದೆ. ಹತ್ತೊಂಬತ್ತು ವರ್ಷ ಅವರ ಜೊತೆ ಅಡುಗೆ ಮಾಡಿದ ಆಕೆ ಒಂದು, ಎರಡು, ನಾಲ್ಕನ್ನು ಪಕ್ಕಕ್ಕೆ ಸರಿಸಿ, ಮೂರನೆಯದರ ಮೇಲೆ ಬೆರಳಿಟ್ಟು "ಇದೇ ಅಕ್ಕ" ಎಂದರು. ನಾನು ಆರಿಸಿದ್ದಿದ್ದರೆ ಎರಡನೆಯದನ್ನು ಆರಿಸುತ್ತಿದ್ದೆ, ಅದು ಮೂರನೆಯದಕ್ಕಿಂತ ಒಂದು ಛಾಯೆ ತಿಳಿಯಾಗಿತ್ತು. ಇಷ್ಟೆಲ್ಲ ಮಾತಾಡಿದ ನನ್ನ ಕಣ್ಣೂ ಅಷ್ಟರಮಟ್ಟಿಗೆ ಕೆಟ್ಟಿದೆ ಎಂದು ಒಪ್ಪಿಕೊಳ್ಳಬೇಕು.

ಬಿನ್ನವತ್ತಳೆಯದು ಬೇರೆಯೇ ಕಥೆ. ಇಂಥ ಅಂಗಡಿಗಳಲ್ಲಿ ಸಿದ್ಧ ಮಾದರಿಗಳಿರುತ್ತವೆ; ನಿವೃತ್ತ ಶಿಕ್ಷಕರಿಗೊಂದು, ಸ್ವಾಮೀಜಿಗಳಿಗೊಂದು, ಸಹಕಾರ ಸಂಘದ ಅಧ್ಯಕ್ಷರಿಗೊಂದು, ಮಹಿಳೆಯರಿಗೊಂದು. ಮಹಿಳೆಯರ ಮಾದರಿಯಲ್ಲಿ 'ಮಮತೆಯ ಮೂರ್ತಿ', 'ತ್ಯಾಗದ ಪ್ರತಿರೂಪ' ಎಂಬಂಥ ಮಾತುಗಳೇ ತುಂಬಿದ್ದು, ಸನ್ಮಾನಕ್ಕೊಳಗಾದವರು ಮಾಡಿದ ಕೆಲಸ ಯಾವುದೆಂದು ಹೇಳಲು ಒಂದು ಸಾಲಿನ ಜಾಗವೂ ಇರಲಿಲ್ಲ. ಅಧ್ಯಕ್ಷರ ಮಾದರಿಯಲ್ಲಾದರೋ ಕಟ್ಟಿಸಿದ ಕಟ್ಟಡಗಳ ಪಟ್ಟಿಗೆಂದು ಆರು ಸಾಲು ಬಿಟ್ಟಿದ್ದರು. ನಾವು ಮಾದರಿಯನ್ನು ಬಿಟ್ಟು ನಮ್ಮದೇ ಒಕ್ಕಣೆ ಕೊಟ್ಟೆವು. 34 ವರ್ಷ ಪ್ರತಿ ತಿಂಗಳೂ ಮಕ್ಕಳ ತೂಕ ನೋಡಿ ಬೆಳವಣಿಗೆಯ ಪಟ್ಟಿಯಲ್ಲಿ ಚುಕ್ಕೆ ಇಟ್ಟದ್ದು, ಚುಕ್ಕೆ ಹಸಿರಿನಿಂದ ಹಳದಿಗೆ, ಎಂದರೆ ಕಡಿಮೆ ತೂಕಕ್ಕೆ, ಜಾರಿದ ವಾರವೇ ಆ ಮನೆಯ ಬಾಗಿಲು ತಟ್ಟಿದ್ದು, ಲಸಿಕೆಗೆ ಹೆದರಿದ ತಾಯಂದಿರನ್ನು ಕೈಹಿಡಿದು ಕರೆದೊಯ್ದದ್ದು, ಕಾಗದದ ಹತ್ತಾರು ದಾಖಲೆ ಪುಸ್ತಕಗಳ ಕಾಲದಿಂದ ಪೋಷಣ್ ಟ್ರ್ಯಾಕರ್ ಆ್ಯಪ್‌ನ ಕಾಲಕ್ಕೆ ಐವತ್ತಾರನೆಯ ವಯಸ್ಸಿನಲ್ಲಿ ದಾಟಿದ್ದು, ಇವನ್ನೆಲ್ಲ ಒಂದೊಂದಾಗಿ ಬರೆದೆವು. ಅವರ ಸಂಬಳಕ್ಕೆ ಸರ್ಕಾರ ಇಟ್ಟಿರುವ ಹೆಸರು 'ಗೌರವಧನ'. ಅದರಲ್ಲಿ ಕೇಂದ್ರದ ನಿಗದಿ 2018ರಿಂದ ತಿಂಗಳಿಗೆ 4,500 ರೂಪಾಯಿ, ಉಳಿದದ್ದು ರಾಜ್ಯ ಸೇರಿಸಿದ್ದು. ಅಂಗನವಾಡಿ ಕಾರ್ಯಕರ್ತೆಯರೂ ಸಹಾಯಕಿಯರೂ ಗ್ರಾಚ್ಯುಟಿಗೆ ಅರ್ಹರೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2022ರಲ್ಲಿ. ಇದನ್ನು ಬಿನ್ನವತ್ತಳೆಯಲ್ಲಿ ಬರೆಯುವುದು ಬೇಡವೆಂದು ಬಡಾವಣೆಯ ಹಿರಿಯರೊಬ್ಬರು ತಡೆದರು. ಇಲ್ಲಿ ತಡೆಯುವವರಿಲ್ಲವಾದ್ದರಿಂದ ಬರೆದಿದ್ದೇನೆ.

ಅಕ್ಷರ ಜೋಡಣೆಯಲ್ಲಿ ಅಂಗಡಿಯವರು ಎಡವಿದರು. ನಾನು ವಾಟ್ಸ್‌ಆ್ಯಪ್‌ನಲ್ಲಿ ಯೂನಿಕೋಡ್‌ನಲ್ಲಿ ಕಳಿಸಿದ ಒಕ್ಕಣೆಯನ್ನು ಅವರು 'ನುಡಿ' ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸಿಕೊಂಡಾಗ ಒತ್ತಕ್ಷರಗಳು ಚೆಲ್ಲಾಪಿಲ್ಲಿಯಾಗಿ, 'ಕಾರ್ಯಕರ್ತೆ'ಯ ಅರ್ಕಾವತ್ತು ಎಲ್ಲೋ ಹೋಗಿ 'ಕಾಯಕತೆ' ಎಂದು ಉಳಿದಿತ್ತು. ಕಾಯಕವಾದರೂ ಉಳಿಯಿತಲ್ಲ ಎಂದು ನಕ್ಕು ತಿದ್ದಿಸಿದೆವು. ಎರಡು ಬಾರಿ ಕರಡು ತಿದ್ದಿದ ಮೇಲೆ ಸರಿಯಾಯಿತು. ಕರಡನ್ನು ಮೊಬೈಲ್ ಪರದೆಯಲ್ಲಿ ನೋಡಿ ಒಪ್ಪಿಗೆ ಕೊಡಬೇಡಿ, ಕಾಗದದ ಮೇಲೆ ತೆಗೆಸಿಕೊಂಡು ಓದಿ.

ಚೌಕಟ್ಟಿನ ಕೆಲಸ ಅಚ್ಚುಕಟ್ಟಾಗಿದೆ. ಟೀಚರ ಚಿತ್ರಕ್ಕೆ ತೇಗದ ಚೌಕಟ್ಟು, ಕಿಟ್ರೆಲ್ ಚಿತ್ರಕ್ಕೆ ಸಣ್ಣ ಕಪ್ಪು ಪಟ್ಟಿಯ ಸಿಂಥೆಟಿಕ್ ಚೌಕಟ್ಟು ಹಾಕಿಸಿದೆವು. ಮೂಲೆಗಳಲ್ಲಿ ಉಗುರು ತೂರುವಷ್ಟೂ ಸಂದಿಲ್ಲ. ಚಿತ್ರಕ್ಕೂ ಗಾಜಿಗೂ ನಡುವೆ ಬಿಳಿ ಮೌಂಟಿನ ಅಂಚು ಬಿಟ್ಟಿರುವುದರಿಂದ ಮಳೆಗಾಲದ ತೇವದಲ್ಲಿ ಪ್ರಿಂಟು ಗಾಜಿಗೆ ಅಂಟಿಕೊಳ್ಳುವ ಭಯವಿಲ್ಲ. ಹಿಂಬದಿಯ ಹಲಗೆಯ ಸುತ್ತ ಟೇಪು ಬಿಗಿದು, ಕೆಳಗಿನ ಎರಡು ಮೂಲೆಗಳಿಗೆ ರಬ್ಬರಿನ ಬಿಲ್ಲೆ ಅಂಟಿಸಿ, ಗೋಡೆಯಿಂದ ಸ್ವಲ್ಪ ಗಾಳಿ ಆಡುವಂತೆ ಮಾಡಿದ್ದಾರೆ. ಸಕಲೇಶಪುರದ ಕಡೆಯವರಿಗೆ ಇದರ ಬೆಲೆ ಹೇಳಬೇಕಾಗಿಲ್ಲ. ಮಕ್ಕಳಿರುವ ಕೋಣೆ ಎಂದು ತಿಳಿದಾಗ ಗಾಜಿನ ಬದಲು ಅಕ್ರಿಲಿಕ್ ಹಾಳೆ ಹಾಕುವುದು ಒಳ್ಳೆಯದೆಂದು ಅವರೇ ಹೇಳಿದರು, ಕಿಟ್ರೆಲ್ ಚಿತ್ರಕ್ಕೆ ಅದನ್ನೇ ಹಾಕಿಸಿದೆವು. ಎಲ್ಲ ಸೇರಿ 4,150 ರೂಪಾಯಿ ಆಯಿತು. ಹಾಳಾದ ಎರಡು ಪ್ರಿಂಟಿಗೆ, ನಾಲ್ಕು ಪರೀಕ್ಷಾ ಪ್ರಿಂಟಿಗೆ ಒಂದು ಪೈಸೆಯನ್ನೂ ಹಾಕಲಿಲ್ಲ. ಐದು ದಿನದ ಕೆಲಸ ಹತ್ತು ದಿನವಾಯಿತು, ನಮ್ಮ ಕಾರ್ಯಕ್ರಮಕ್ಕೆ ಹನ್ನೆರಡು ದಿನವಿದ್ದುದರಿಂದ ಬಚಾವಾದೆವು. ಇದೇ ಅಂಗಡಿಯ ಶಾಲು ಮತ್ತು ಹಾರದ ಬಗ್ಗೆ ಹೆಚ್ಚು ಹೇಳುವಂಥದ್ದೇನಿಲ್ಲ. ಶಾಲಿನ ಜರಿ ತೆಳು, ಬೆಲೆ ದಪ್ಪ. ಅವನ್ನು ಬೇರೆ ಕಡೆ ಕೊಳ್ಳಿ.

ಕಾರ್ಯಕ್ರಮದ ದಿನ ಟೀಚರ್ ತಮ್ಮ ಭಾವಚಿತ್ರವನ್ನು ಕೈಯಲ್ಲಿ ಹಿಡಿದು ಮೊದಲು ಮಾಡಿದ್ದು ಕನ್ನಡಕ ಹಾಕಿಕೊಂಡು ಎಡಗೆನ್ನೆಯನ್ನು ನೋಡಿದ್ದು. ಏನೂ ಹೇಳಲಿಲ್ಲ. ಬಿನ್ನವತ್ತಳೆಯನ್ನು ಓದುವಾಗ ಬೆಳವಣಿಗೆ ಪಟ್ಟಿಯ ಸಾಲು ಬಂದಾಗ ಮಾತ್ರ, ಮುಂದಿನ ಸಾಲಿನಲ್ಲಿ ಕುಳಿತಿದ್ದ ಒಬ್ಬ ಎತ್ತರದ ಹುಡುಗನ ಕಡೆ ಕೈ ಮಾಡಿ, "ಇವನೇ ಹಳದಿಗೆ ಹೋಗಿದ್ದವನು" ಎಂದರು. ಅವನೀಗ ಇಂಜಿನಿಯರಿಂಗ್ ಓದುತ್ತಿದ್ದಾನೆ, ನಾಚಿಕೆಯಿಂದ ತಲೆ ತಗ್ಗಿಸಿದ.

ನನ್ನ ಲೆಕ್ಕದಲ್ಲಿ ಈ ಅಂಗಡಿಗೆ ಐದರಲ್ಲಿ ನಾಲ್ಕು. ಕೇಳದೆ ಮುಖದ ಬಣ್ಣ ಬದಲಾಯಿಸಿದ್ದಕ್ಕೆ ಒಂದನ್ನು ಕಳೆದಿದ್ದೇನೆ, ತಿದ್ದಿದ ರೀತಿ ಹಾಗಿರದಿದ್ದರೆ ಇನ್ನೂ ಎರಡನ್ನು ಕಳೆಯುತ್ತಿದ್ದೆ. ನೀವು ಹಾಸನದಲ್ಲಿ ಎಲ್ಲಿಯೇ ಫೋಟೊ ಮಾಡಿಸಿದರೂ ರಸೀದಿಯ ಮೇಲೆಯೇ 'ಟಚಪ್ ಬೇಡ, ಬಣ್ಣ ಇದ್ದ ಹಾಗೆ' ಎಂದು ಬರೆಸಿ, ದೊಡ್ಡ ಪ್ರಿಂಟಿಗೆ ಮೊದಲು ಸಣ್ಣದೊಂದನ್ನು ತೆಗೆಸಿ ಹಗಲು ಬೆಳಕಿನಲ್ಲಿ ನೋಡಿ, ಸಾಧ್ಯವಾದರೆ ಆ ವ್ಯಕ್ತಿಯನ್ನು ದಿನವೂ ಕಾಣುವವರಿಗೆ ತೋರಿಸಿ. ಮೂರನೆಯ ವಾರದಲ್ಲಿ ಕಿಟ್ರೆಲ್ ಚಿತ್ರದ ಮೇಲಿನ ಕೊಂಡಿ ಸಡಿಲವಾದಾಗ ಫೋನ್ ಮಾಡಿದೆ. ಮಾಲೀಕರು ಹುಡುಗನನ್ನು ಸ್ಕ್ರೂಡ್ರೈವರ್ ಕೊಟ್ಟು ಸಂಜೆಯೇ ಕಳಿಸಿದರು. ಅವನು ಕುರ್ಚಿ ಹತ್ತಿ ಎರಡು ಸ್ಕ್ರೂ ಬಿಗಿದು, ಕೆಳಗಿಳಿದು, ಸುತ್ತ ನೆರೆದಿದ್ದ ಮಕ್ಕಳಿಗೆ "ಇವರು ಹಾಡುಗಾರ್ತಿ ಅಲ್ಲ, ನಿಮ್ಮ ಮಿಸ್ ಥರ" ಎಂದು ಹೇಳಿ ಹೋದ.